ಜೀವಶಾಸ್ತ್ರದ ಬಿ.ಎಸ್ಸಿ.: ಕಂತು ಮೊದಲೋ, ಸಂಬಳ ಮೊದಲೋ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮ ಶಾಖೆಗೆ ಬರುವ ಶಿಕ್ಷಣ ಸಾಲದ ಅರ್ಜಿಗಳಲ್ಲಿ ಒಂದು ಬಗೆಯದನ್ನು ಮೊದಲ ಪುಟ ನೋಡಿಯೇ ಗುರುತಿಸಬಹುದು. ಪಿಸಿಎಂಬಿ ಓದಿ, ನೀಟ್‌ನಲ್ಲಿ ವೈದ್ಯಕೀಯ ಸೀಟಿಗೆ ಬೇಕಾದಷ್ಟು ಅಂಕ ಬಾರದೆ, ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಅಥವಾ ಮೈಕ್ರೋಬಯಾಲಜಿ ಬಿ.ಎಸ್ಸಿ.ಗೆ ಹೊರಟ ವಿದ್ಯಾರ್ಥಿಯ ಅರ್ಜಿ ಅದು. ಪಕ್ಕದಲ್ಲಿ ಪಹಣಿ, ಪಾನ್ ಕಾರ್ಡ್ ಹಿಡಿದು ಕೂತ ತಂದೆ ಕೇಳುವುದು ಒಂದೇ: "ಸಾಲ ಆಗುತ್ತಾ ಸಾರ್?" ಸಾಮಾನ್ಯವಾಗಿ ಆಗುತ್ತದೆ. ಬ್ಯಾಂಕುಗಳ ಸಂಘದ ಮಾದರಿ ಯೋಜನೆಯ ಪ್ರಕಾರ 7.5 ಲಕ್ಷ ರೂಪಾಯಿಯವರೆಗೆ ಆಸ್ತಿ ಅಡವಿಡಬೇಕಿಲ್ಲ. ಕಷ್ಟ ಶುರುವಾಗುವುದು ಸಾಲ ಮಂಜೂರಾದ ಮೇಲೆ, ಅದೂ ನಾಲ್ಕು ವರ್ಷ ಕಳೆದ ಮೇಲೆ.

ವರ್ಷಕ್ಕೆ 1.5 ಲಕ್ಷದಂತೆ ಮೂರು ವರ್ಷಕ್ಕೆ 4.5 ಲಕ್ಷ ಪಡೆದಿರಿ, ಬಡ್ಡಿ ಶೇ. 10 ಎಂದಿಟ್ಟುಕೊಳ್ಳೋಣ. ಓದಿನ ಅವಧಿಗೂ ಅದರ ನಂತರದ ಒಂದು ವರ್ಷಕ್ಕೂ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮಾತ್ರ ಹಣ ಬಿಡುಗಡೆಯಾದ ದಿನದಿಂದಲೇ ಓಡುತ್ತಿರುತ್ತದೆ. ಸರಳ ಬಡ್ಡಿಯ ಲೆಕ್ಕದಲ್ಲೇ ನಾಲ್ಕು ವರ್ಷಕ್ಕೆ ಅದು 1.35 ಲಕ್ಷವಾಗಿ, ಅಸಲಿಗೆ ಸೇರಿ ಬಾಕಿ 5.85 ಲಕ್ಷಕ್ಕೆ ನಿಲ್ಲುತ್ತದೆ. ಏಳು ವರ್ಷದಲ್ಲಿ ತೀರಿಸುವುದಾದರೆ ತಿಂಗಳ ಕಂತು ಸುಮಾರು 9,700 ರೂಪಾಯಿ. ಹದಿನೈದು ವರ್ಷಕ್ಕೆ ಎಳೆದರೆ ಕಂತು 6,300ರ ಆಸುಪಾಸಿಗೆ ಇಳಿಯುತ್ತದೆ, ಆದರೆ ಒಟ್ಟು ಕಟ್ಟುವ ಹಣ 11 ಲಕ್ಷ ದಾಟುತ್ತದೆ. ಪಡೆದದ್ದರ ಎರಡೂವರೆ ಪಟ್ಟು.

ಇದರ ಎದುರಿಗೆ ಸಂಬಳವನ್ನು ಇಟ್ಟು ನೋಡಬೇಕು. ಬರೀ ಬಿ.ಎಸ್ಸಿ. ಹಿಡಿದು ಬರುವವರಿಗೆ ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಔಷಧ ಕಾರ್ಖಾನೆಗಳ ಕ್ಯೂಸಿ (ಗುಣಮಟ್ಟ ಪರೀಕ್ಷೆ) ವಿಭಾಗ, ಮೆಡಿಕಲ್ ಕೋಡಿಂಗ್ (ರೋಗ, ಚಿಕಿತ್ಸೆಯ ದಾಖಲೆಗಳನ್ನು ಸಂಕೇತಗಳಿಗೆ ಇಳಿಸುವ ಕೆಲಸ), ಮೆಡಿಕಲ್ ರೆಪ್ ಕೆಲಸ, ಆಹಾರ ಪರೀಕ್ಷಾ ಪ್ರಯೋಗಾಲಯ ಇಂಥ ಬಾಗಿಲುಗಳಿವೆ. ಆರಂಭದಲ್ಲಿ ಕೈಗೆ 18,000 ರೂಪಾಯಿ ಬಂತೆನ್ನಿ. ಪಿಜಿ ಬಾಡಿಗೆ, ಊಟ, ಬಸ್ಸು ಕಳೆದು ಅದರಲ್ಲಿ 9,700ರ ಕಂತು ಹುಟ್ಟುವುದಿಲ್ಲ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇದೆಯಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಅದು ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅದಿರಲಿ, ಈ ಸಂಬಳಕ್ಕೆ ತೆರಿಗೆಯೇ ಇಲ್ಲದಿರುವಾಗ ಉಳಿಸುವುದು ಏನನ್ನು?

ಕಂತು ತಪ್ಪಿದಾಗ ಪೆಟ್ಟು ಬೀಳುವುದು ಮಗಳಿಗೋ ಮಗನಿಗೋ ಮಾತ್ರವಲ್ಲ. ತಂದೆ ಸಹ-ಸಾಲಗಾರರಾಗಿ ಸಹಿ ಹಾಕಿರುವುದರಿಂದ ಅವರ ಸಿಬಿಲ್ ಅಂಕವೂ (ಸಾಲ ತೀರಿಸಿದ ಚರಿತ್ರೆಗೆ ಸಿಗುವ ಅಂಕ) ಕುಸಿಯುತ್ತದೆ. ಬೆಳೆಸಾಲ ನವೀಕರಣಕ್ಕೆ ಬಂದ ರೈತರೊಬ್ಬರಿಗೆ, ಮಗ ಆರು ತಿಂಗಳಿನಿಂದ ಕಂತು ಕಟ್ಟಿಲ್ಲವೆಂಬ ಸುದ್ದಿ ನನ್ನ ಕಂಪ್ಯೂಟರ್ ಪರದೆಯಿಂದಲೇ ಗೊತ್ತಾಯಿತು. ಅವರು ಬಹಳ ಹೊತ್ತು ಮಾತಾಡಲಿಲ್ಲ.

ಹಾಗೆಂದು ಜೀವಶಾಸ್ತ್ರ ಓದಬಾರದೆಂದು ನಾನು ಹೇಳುತ್ತಿಲ್ಲ. ಈ ವಿಷಯದಲ್ಲಿ ಗಳಿಕೆ ತಡವಾಗಿ ಬರುತ್ತದೆ, ಕಂತು ಬೇಗ ಬರುತ್ತದೆ ಎಂಬುದಷ್ಟೇ ನನ್ನ ತಕರಾರು. ಸಂಶೋಧನೆಗೆ ಎಂ.ಎಸ್ಸಿ. ಬೇಕು, ಪ್ರೌಢಶಾಲೆಯ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಶಿಕ್ಷಕರಾಗಲು ಎರಡು ವರ್ಷದ ಬಿ.ಎಡ್. ಬೇಕು. ಎಂ.ಎಸ್ಸಿ. ನಂತರ ಸಿಎಸ್‌ಐಆರ್ ಜೆಆರ್‌ಎಫ್ (ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಡುವ ಕೇಂದ್ರದ ಫೆಲೋಶಿಪ್) ಸಿಕ್ಕಿದರೆ 2023ರ ಜನವರಿಯಿಂದ ಜಾರಿಯಲ್ಲಿರುವ ದರದಲ್ಲಿ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಬರುತ್ತದೆ. ಆದರೆ ಅದು ಎಲ್ಲರಿಗೂ ದಕ್ಕುವಂಥದ್ದಲ್ಲ, ದಕ್ಕಿದವರಿಗೂ ಪಿಯುಸಿ ಮುಗಿದು ಐದು ವರ್ಷವಾದರೂ ಕಳೆದಿರುತ್ತದೆ. ಕಂತಿಲ್ಲದ ಅವಧಿಯೊಳಗೆ ಎಂ.ಎಸ್ಸಿ.ಗೆ ಸೇರಿದರೆ ಸಾಲವನ್ನು ವಿಸ್ತರಿಸಿ, ಮರುಪಾವತಿಯನ್ನು ಎರಡನೆಯ ಕೋರ್ಸಿನ ನಂತರಕ್ಕೆ ಸರಿಸಲು ಮಾದರಿ ಯೋಜನೆಯಲ್ಲಿ ಅವಕಾಶವಿದೆ. ಬಡ್ಡಿಯಂತೂ ಅಷ್ಟು ದಿನವೂ ಓಡುತ್ತದೆ.

ಆದ್ದರಿಂದ ಸಾಲ ಮಾಡುವ ಶಕ್ತಿಯನ್ನು ಬಿ.ಎಸ್ಸಿ.ಯಲ್ಲೇ ಖರ್ಚು ಮಾಡಿಬಿಡಬೇಡಿ ಎಂದು ನಾನು ಮೇಜಿನ ಈಚೆ ಕೂತೇ ಹೇಳುತ್ತೇನೆ, ಸಾಲದ ಗುರಿ ಮುಟ್ಟಬೇಕಾದ ಮ್ಯಾನೇಜರ್ ಹೀಗೆ ಹೇಳಬಾರದಾದರೂ. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಇದೇ ಪದವಿ ವರ್ಷಕ್ಕೆ ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಮಂಡಳಿಯ ಮೊದಲ ಶೇ. 1ರೊಳಗೆ ಬಂದವರು ಕೇಂದ್ರದ ಇನ್‌ಸ್ಪೈರ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ಅದು ವರ್ಷಕ್ಕೆ 80,000 ರೂಪಾಯಿ. ಖಾಸಗಿ ಕಾಲೇಜೇ ಆಗಬೇಕೆಂದರೆ ಓದುವಾಗಲೇ ಬಡ್ಡಿ ಕಟ್ಟುತ್ತಾ ಬನ್ನಿ. ಮೇಲಿನ ಲೆಕ್ಕದಲ್ಲಿ ಅದು ಮೊದಲ ವರ್ಷ ತಿಂಗಳಿಗೆ 1,250, ಎರಡನೆಯ ವರ್ಷ 2,500, ಆಮೇಲೆ 3,750 ರೂಪಾಯಿ. ಹೀಗೆ ಕಟ್ಟುವವರಿಗೆ ಬಡ್ಡಿದರದಲ್ಲಿ ಶೇ. 1ರ ರಿಯಾಯಿತಿ ಕೊಡಲು ಅವಕಾಶವಿದೆ. ಅದನ್ನು ಬಿಟ್ಟು ನೋಡಿದರೂ ಕಂತು 9,700ರಿಂದ ಸುಮಾರು 7,500ಕ್ಕೆ ಇಳಿಯುತ್ತದೆ.

ಇನ್ನೊಂದು ಮಾತು. ಕಾಲೇಜಿನ ಗೇಟಿನಲ್ಲಿ ತೂಗುಹಾಕಿದ ಪ್ಲೇಸ್‌ಮೆಂಟ್ ಫಲಕದಲ್ಲಿ ಎಂ.ಬಿ.ಎ., ಬಿ.ಸಿ.ಎ., ಎಂ.ಎಸ್ಸಿ. ಎಲ್ಲರ ಸಂಬಳವೂ ಒಟ್ಟಿಗೆ ಬೆರೆತಿರುತ್ತದೆ. ಕಳೆದ ವರ್ಷ ಬಿ.ಎಸ್ಸಿ. ಮುಗಿಸಿ ನೇರ ಕೆಲಸಕ್ಕೆ ಹೋದವರು ಎಷ್ಟು ಮಂದಿ, ಅವರ ಕೈಗೆ ಬಂದದ್ದು ಎಷ್ಟು ಎಂದು ಬೇರೆಯಾಗಿ ಕೇಳಿ. ಆ ಉತ್ತರವನ್ನು ಚೀಟಿಯಲ್ಲಿ ಬರೆದುಕೊಂಡು, ಅರ್ಜಿಯ ಜೊತೆ ಬ್ಯಾಂಕಿಗೆ ತನ್ನಿ.