ಬಸವಣ್ಣನ 5 ರೂಪಾಯಿ ನಾಣ್ಯ: ಒಂದು ಅಧ್ಯಯನ ಟಿಪ್ಪಣಿ

ಮೊನ್ನೆ ಧಾರವಾಡದ ಸಪ್ತಾಪುರದಲ್ಲಿ ಚಹಾ ಕುಡಿದು 20ರ ನೋಟು ಕೊಟ್ಟೆ. ಚಿಲ್ಲರೆಯಲ್ಲಿ ಬಸವಣ್ಣನ 5 ರೂಪಾಯಿ ನಾಣ್ಯ ಬಂತು. 2006ರದ್ದು. ಸ್ಮರಣಾರ್ಥ ನಾಣ್ಯದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾ? ನಿಮ್ಮ ಹತ್ತಿರವೂ ಇಂಥದ್ದೊಂದು ಇದ್ದರೆ ಕೈಯಲ್ಲಿ ಹಿಡಿದುಕೊಂಡೇ ಓದಿ.

ಮೊದಲು ಅಶೋಕ ಸ್ತಂಭದ ಸಿಂಹಗಳಿರುವ ಮುಖ. ಅಲ್ಲಿ ಹಿಂದಿ, ಇಂಗ್ಲಿಷಿನಲ್ಲಿ ದೇಶದ ಹೆಸರು, ಜೊತೆಗೆ ಬೆಲೆ. ಇದನ್ನು ಸರ್ಕಾರದ ಮುಖ ಅಂತ ನೆನಪಿಟ್ಟುಕೊಳ್ಳಿ. ತಿರುಗಿಸಿದರೆ ಬಸವಣ್ಣ. ಯಾರ ನೆನಪಿಗೆ ನಾಣ್ಯ ಬಂದಿದೆ ಅಂತ ಹೇಳುವುದು ಈ ಮುಖ. ಒಂದು ನಾಣ್ಯದಿಂದ ಇನ್ನೊಂದಕ್ಕೆ ಬದಲಾಗುವುದೂ ಇದೇ.

ಈಗ ಇಸವಿಯ ಕೆಳಗೆ ಕಣ್ಣಿಟ್ಟು ನೋಡಿ. ನನಗೆ ತುಂಬ ಇಷ್ಟವಾದ ಭಾಗ ಇದು. ಅಲ್ಲಿ ವಜ್ರದ ಆಕಾರ ಇದ್ದರೆ ನಾಣ್ಯ ಅಚ್ಚಾಗಿದ್ದು ಮುಂಬೈಯಲ್ಲಿ. ಐದು ಮೂಲೆಯ ನಕ್ಷತ್ರ ಇದ್ದರೆ ಹೈದರಾಬಾದಿನಲ್ಲಿ. ಚುಕ್ಕೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಸವೆದು ಹೋಗಿದೆ ಅಂದುಕೊಳ್ಳಬೇಡಿ, ಗುರುತು ಇಲ್ಲದಿರುವುದೇ ಕೋಲ್ಕತ್ತಾದ ಗುರುತು. ಈ ನಾಲ್ಕು ಊರುಗಳ ಟಂಕಸಾಲೆಗಳನ್ನು ಹೀಗೆ ಗುರುತಿನ ಜೊತೆಗೇ ಕಲಿತರೆ ಮರೆಯುವುದಿಲ್ಲ.

ಟಂಕಸಾಲೆ ನಮ್ಮ ಕಡೆಗೆ ಹೊಸದೇನಲ್ಲ. ಗದಗದ ಹತ್ತಿರದ ಲಕ್ಕುಂಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದಲ್ಲೇ ಒಂದು ಇತ್ತು. ಊರಿನ ಹಳೆಯ ಹೆಸರು ಲೊಕ್ಕಿಗುಂಡಿ. ಶಾಸನಗಳಲ್ಲಿ ‘ಲೊಕ್ಕಿ ಗದ್ಯಾಣ’ ಅಂತ ಬರುತ್ತದೆ. ಅಂದರೆ ಆ ಚಿನ್ನದ ನಾಣ್ಯವನ್ನು ಜನ ಗುರುತಿಸುತ್ತಿದ್ದದ್ದು ಅಚ್ಚಾದ ಊರಿನ ಹೆಸರಿನಿಂದಲೇ!

ಪರೀಕ್ಷೆಯಲ್ಲಿ ಎಡವುವ ಜಾಗ ಒಂದಿದೆ. ನಾಣ್ಯ ಅಚ್ಚು ಹಾಕಿಸುವುದು ಕೇಂದ್ರ ಸರ್ಕಾರ. ಅದನ್ನು ಚಲಾವಣೆಗೆ ಬಿಡುವುದು ಮಾತ್ರ ರಿಸರ್ವ್ ಬ್ಯಾಂಕ್. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ನೆಹರೂ ಅವರದ್ದು, 1964ರಲ್ಲಿ, 1 ರೂಪಾಯಿ ಮತ್ತು 50 ಪೈಸೆಯಲ್ಲಿ.

ಎಲ್ಲ ಸ್ಮರಣಾರ್ಥ ನಾಣ್ಯಗಳೂ ಬಸವಣ್ಣನ ನಾಣ್ಯದ ಹಾಗೆ ಚಿಲ್ಲರೆಯಲ್ಲಿ ಸಿಗುವುದಿಲ್ಲ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ ಬಂದ 75 ರೂಪಾಯಿ ನಾಣ್ಯ ಸಂಗ್ರಹಕಾರರಿಗಾಗಿ ಮಾಡಿದ್ದು. ಚಲಾವಣೆಯ ನಾಣ್ಯಕ್ಕೆ ಮಾತ್ರ ದಿನದ ವ್ಯವಹಾರದಲ್ಲೂ ಜಾಗ ಇದೆ.

ಆದರೂ ‘ಹತ್ತರ ಕಾಯಿನ್ ನಡೆಯಂಗಿಲ್ಲ’ ಅನ್ನುವ ಮಾತು ನಮ್ಮ ಕಡೆ ಕೇಳಿಬರುತ್ತದೆ. ಅಂಬೇಡ್ಕರ್ ಅವರ 125ನೇ ಜಯಂತಿಯದ್ದು ಒಂದು ಥರ, ಯೋಗ ದಿನದ್ದು ಇನ್ನೊಂದು ಥರ ಇದ್ದರೆ ಜನರಿಗೆ ಅನುಮಾನ ಬರುವುದು ಸಹಜ ಅಲ್ವಾ? 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಇದಕ್ಕೆ ಉತ್ತರ ಕೊಟ್ಟಿತು. ಅಲ್ಲಿಯವರೆಗೆ ಬಂದಿದ್ದ 14 ವಿನ್ಯಾಸಗಳೂ ನಡೆಯುತ್ತವೆ ಅಂತ ಹೇಳಿತು. ಯಾರಾದರೂ ಬೇಡ ಅಂದರೆ ಜಗಳ ಬೇಡ, ಸಿಂಹದ ಮುಖ ತಿರುಗಿಸಿ ತೋರಿಸಿ.