ಕಾಮಣಿ ಸರಿ, ಆದರೆ ಯಾವ ವೈರಸ್?

ಬೆಳಗಾವಿ ಕಡೆ ಯಾರಿಗಾದರೂ ಕಣ್ಣು ಹಳದಿಯಾದರೆ ಸಲಹೆಗೆ ಬರ ಇರುವುದಿಲ್ಲ. ನೋಡಲು ಬಂದವರೆಲ್ಲ ಒಂದೊಂದು ದಾರಿ ಹೇಳುತ್ತಾರೆ. "ಕಾಮಣಿ ಆಗೇತಿ, ದವಾಖಾನಿಗೆ ಹೋಗಬ್ಯಾಡ್ರಿ. ನಮ್ಮ ಮಾವಗ ಆ ಊರಾಗ ಔಷಧ ಕುಡಿಸಿದ್ವಿ, ಮೂರು ವಾರದಾಗ ಆರಾಮ ಆತು." ಹೀಗೆ ಹೇಳುವವರು ಸುಳ್ಳು ಹೇಳುತ್ತಿಲ್ಲ. ಮಾವ ನಿಜವಾಗಿಯೂ ಆರಾಮಾಗಿದ್ದಾರೆ. ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಅದಕ್ಕೇ ಆ ಮಾತನ್ನು ತಳ್ಳಿಹಾಕುವುದು ಕಷ್ಟ.

ಆದರೆ ಅವರಿಗೆ ಕೇಳಬೇಕಾದ ಒಂದು ಪ್ರಶ್ನೆ ಇದೆ. ಮಾವನಿಗೆ ಬಂದಿದ್ದು ಯಾವ ಹೆಪಟೈಟಿಸ್?

ಕಣ್ಣು ಹಳದಿಯಾಗುವುದು ಹೆಚ್ಚಾಗಿ ಲಿವರ್ ಕಷ್ಟದಲ್ಲಿದೆ ಎಂಬುದರ ಗುರುತು, ಅಷ್ಟೇ. ಲಿವರ್‌ಗೆ ಉರಿಯೂತ, ಅಂದರೆ ಹೆಪಟೈಟಿಸ್, ತರುವ ಮುಖ್ಯ ವೈರಸ್‌ಗಳು ಐದು: ಎ, ಬಿ, ಸಿ, ಡಿ, ಇ. ಹೆಸರಿನಲ್ಲಿ ಅಕ್ಷರವೊಂದೇ ಬದಲು, ಸ್ವಭಾವದಲ್ಲಿ ಅಜಗಜಾಂತರ. ಎ ಮತ್ತು ಇ ಬರುವುದು ಹೊಲಸು ಸೇರಿದ ನೀರು, ಆಹಾರದಿಂದ. ಚರಂಡಿ ಪಕ್ಕದಲ್ಲಿ ಕುಡಿಯುವ ನೀರಿನ ಪೈಪ್ ಒಡೆದರೆ ಒಂದು ಓಣಿಯ ಅರ್ಧ ಜನ ಹಾಸಿಗೆ ಹಿಡಿಯಬಹುದು. ಆದರೂ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆ ವಾರಗಳಲ್ಲಿ ಕಷಾಯ ಕುಡಿದಿದ್ದರೆ ಹೆಸರು ಕಷಾಯಕ್ಕೆ. ಏನೂ ಕುಡಿಯದಿದ್ದರೂ ಆರಾಮಾಗುತ್ತಿತ್ತು, ಅಲ್ವಾ? ಒಂದು ಮಾತು ಮಾತ್ರ ಮರೆಯಬಾರದು. ಬಸುರಿಯರಿಗೆ, ಅದರಲ್ಲೂ ಕೊನೆಯ ಮೂರು ತಿಂಗಳಲ್ಲಿ, ಇ ವೈರಸ್ ಜೀವಕ್ಕೇ ಕುತ್ತು ತರಬಹುದು. ಅವರಿಗೆ ಕಾಮಣಿ ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬಿ ಮತ್ತು ಸಿ ರಕ್ತದ ದಾರಿಯಲ್ಲಿ ಬರುತ್ತವೆ. ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ, ಪರೀಕ್ಷೆ ಮಾಡದ ರಕ್ತ, ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹಾಕುವ ಹಚ್ಚೆ, ಹಂಚಿಕೊಂಡ ಬ್ಲೇಡು. ಬಿ ವೈರಸ್ ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ಹೊತ್ತಿಗೆ ತಾಯಿಯಿಂದ ಮಗುವಿಗೂ ದಾಟುತ್ತದೆ. ಡಿ ವೈರಸ್ ಬರುವುದು ಬಿ ಇದ್ದವರಿಗೆ ಮಾತ್ರ. ಬಿ ಮತ್ತು ಸಿ ವರ್ಷಗಟ್ಟಲೆ ಸುಮ್ನೆ ಒಳಗೇ ಕೂತಿರಬಹುದು. ಕಣ್ಣು ಹಳದಿಯಾಗುವುದಿಲ್ಲ, ಹೊಟ್ಟೆ ನೋಯುವುದಿಲ್ಲ. ಕೆಲವರಿಗೆ ಗೊತ್ತಾಗುವ ಹೊತ್ತಿಗೆ ಲಿವರ್ ಗಟ್ಟಿಯಾಗಿರುತ್ತದೆ, ಇಲ್ಲವೇ ಕ್ಯಾನ್ಸರ್ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಸುಮಾರು 2.98 ಕೋಟಿ ಜನರಲ್ಲಿ ಬಿ, 55 ಲಕ್ಷ ಜನರಲ್ಲಿ ಸಿ ಇದೆ.

ಹಾಗಾಗಿ ಯಾವ ಅಕ್ಷರ ಎಂದು ಹೇಳದ ಯಾವ ಸಲಹೆಯನ್ನೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ವಾಟ್ಸಾಪಿನಲ್ಲಿ ಬರಲಿ, ಬಿಳಿ ಕೋಟು ಹಾಕಿದವರ ವಿಡಿಯೊದಲ್ಲಿ ಬರಲಿ.

ನಾಟಿ ಔಷಧವನ್ನು ವಿಜ್ಞಾನಿಗಳು ನೋಡುವುದೇ ಇಲ್ಲ ಎಂಬ ದೂರೂ ಇದೆ. ಇಲ್ಲಿ ಕಾಮಣಿಗೆಂದು ಕೊಡುವ ನೆಲನೆಲ್ಲಿ ಗಿಡದ ಕಥೆ ಹೇಳಲೇಬೇಕು. ಹೆಪಟೈಟಿಸ್ ಬಿ ವೈರಸ್ಸಿನ ಸುಳಿವು ಹಿಡಿದವರು ಅಮೆರಿಕದ ಬರೂಕ್ ಬ್ಲೂಂಬರ್ಗ್. 1976ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ಹುಟ್ಟಿದ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ. ಇದೇ ಬ್ಲೂಂಬರ್ಗ್ ಮದ್ರಾಸಿನ ಸಂಶೋಧಕರ ಜೊತೆ ಸೇರಿ ನಮ್ಮ ನೆಲನೆಲ್ಲಿಯನ್ನು ಬಿ ವೈರಸ್ ಇದ್ದವರಿಗೆ ಕೊಟ್ಟು ಪರೀಕ್ಷೆಗೆ ಇಟ್ಟರು. 1988ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ಬೆರಗಾದರು. ನೆಲನೆಲ್ಲಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಬರೀ ತೋರಿಕೆಯ ಗುಳಿಗೆ ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಆಮೇಲೆ ಬೇರೆ ಬೇರೆ ಕಡೆ ಅದೇ ಪ್ರಯೋಗ ಮಾಡಿದರು. ಆ ಫಲ ಮತ್ತೆ ಸಿಗಲಿಲ್ಲ. ನೊಬೆಲ್ ಪಡೆದವರ ಹೆಸರಿದ್ದರೂ ಅದು ಚಿಕಿತ್ಸೆಯ ಪಟ್ಟಿಗೆ ಸೇರಲಿಲ್ಲ. ಹಾಗಿರುವಾಗ ಒಬ್ಬ ಮಾವ ಆರಾಮಾದದ್ದನ್ನು ಎಷ್ಟು ನಂಬಬಹುದು?

ಸಿ ವೈರಸ್ಸಿನ ದಾರಿಯೇ ಬೇರೆ. ಅದು ಪತ್ತೆಯಾಗಿದ್ದು 1989ರಲ್ಲಿ. ಇಂದು 12 ವಾರ ಗುಳಿಗೆ ನುಂಗಿದರೆ ನೂರಕ್ಕೆ 95ಕ್ಕಿಂತ ಜಾಸ್ತಿ ಜನ ಪೂರ್ತಿ ಗುಣವಾಗುತ್ತಾರೆ. ಬೇರೆ ಬೇರೆ ದೇಶಗಳಲ್ಲಿ, ಮತ್ತೆ ಮತ್ತೆ ಇದೇ ಫಲ ಬಂದಿದೆ.

ಈಗ ಲ್ಯಾಬಿನ ಚೀಟಿಗೆ ಬರೋಣ. ರಕ್ತ ಕೊಡಲು ಹೋದವರಿಗೋ, ಬಸುರಿ ತಪಾಸಣೆಗೆ ಹೋದವರಿಗೋ ಒಂದು ದಿನ ಎಚ್‌ಬಿಎಸ್‌ಎಜಿ, ಅದರ ಮುಂದೆ ರಿಯಾಕ್ಟಿವ್ ಎಂದು ಬರೆದ ಹಾಳೆ ಕೈಗೆ ಬರುತ್ತದೆ. ಬ್ಲೂಂಬರ್ಗ್ ಕಂಡಿದ್ದು ಇದನ್ನೇ, ಬಿ ವೈರಸ್ಸಿನ ಹೊರ ಹೊದಿಕೆಯ ತುಣುಕು. ವೈರಸ್ ಈಗ ಮೈಯಲ್ಲಿದೆ ಎಂದು ಅದರ ಅರ್ಥ. ಲಿವರ್ ಕೆಟ್ಟಿದೆ ಎಂದಲ್ಲ. ದೊಡ್ಡವರಾದ ಮೇಲೆ ಸೋಂಕು ತಗುಲಿದರೆ ನೂರರಲ್ಲಿ 95 ಜನರ ಮೈ ಆರು ತಿಂಗಳೊಳಗೆ ತಾನೇ ಅದನ್ನು ಹೊರಹಾಕುತ್ತದೆ. ಹುಟ್ಟುವಾಗಲೇ ತಗುಲಿದರೆ ಲೆಕ್ಕ ತಿರುಗುಮುರುಗು, ನೂರರಲ್ಲಿ 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ಅದಕ್ಕೇ ಹುಟ್ಟಿದ 24 ಗಂಟೆಯೊಳಗೆ ಮಗುವಿಗೆ ಲಸಿಕೆ ಹಾಕುವುದು. ತಾಯಿಗೆ ಬಿ ಇದ್ದರೆ ಲಸಿಕೆಯ ಜೊತೆ ಮಗುವಿಗೆ ಇಮ್ಯುನೊಗ್ಲಾಬುಲಿನ್, ಅಂದರೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಬೇಕು. ಹೆರಿಗೆ ಎಲ್ಲಿ ಎಂದು ಗೊತ್ತಾದ ಕೂಡಲೇ ಅದು ಅಲ್ಲಿ ಸಿಗುತ್ತದೆಯೇ ಎಂದು ವಿಚಾರಿಸಿ ಇಡಬೇಕು. ತಾಯಿ ಎದೆಹಾಲು ಕುಡಿಸಬಹುದು.

ಸಿ ಪರೀಕ್ಷೆಯ ಚೀಟಿಯಲ್ಲಿ ಇನ್ನೊಂದು ತೊಡಕಿದೆ. ಮೊದಲು ಮಾಡುವ ಆಂಟಿ-ಎಚ್‌ಸಿವಿ ಪರೀಕ್ಷೆ ಹುಡುಕುವುದು ಸಿ ವೈರಸ್ಸಿನ ವಿರುದ್ಧ ಮೈ ಮಾಡಿಕೊಂಡ ಪ್ರತಿಕಾಯವನ್ನು. ಅದು ಪಾಸಿಟಿವ್ ಬಂದರೆ ವೈರಸ್ ಯಾವಾಗಲೋ ಬಂದಿತ್ತು ಎಂದಷ್ಟೇ ತಿಳಿಯಬೇಕು. ಈಗಲೂ ಇದೆಯೋ ಇಲ್ಲವೋ ಎಂದು ಹೇಳುವುದು ವೈರಸ್ಸನ್ನೇ ಹುಡುಕುವ ಆರ್‌ಎನ್‌ಎ ಪರೀಕ್ಷೆ. ಗುಣವಾದ ಮೇಲೂ ಮೊದಲ ಪರೀಕ್ಷೆ ಪಾಸಿಟಿವ್ ಆಗಿಯೇ ಬರುತ್ತದೆ. ಇದು ಗೊತ್ತಿಲ್ಲದೆ "ರೋಗ ಮತ್ತೆ ಬಂತು" ಎಂದು ನಿದ್ದೆಗೆಡುವವರಿದ್ದಾರೆ.

ಎಲ್ಲಿ ಕೇಳುವುದು? 2018ರ ಜುಲೈ 28ರಂದು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಇದರಡಿ ಬಿ ಮತ್ತು ಸಿ ಪರೀಕ್ಷೆ, ಗುಳಿಗೆ ಎರಡೂ ಉಚಿತ. ಬೆಳಗಾವಿಯಲ್ಲಿ ಬಿಮ್ಸ್ ಆಸ್ಪತ್ರೆಗೆ, ಬಾಗಲಕೋಟೆ, ವಿಜಯಪುರದಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಿ, "ಹೆಪಟೈಟಿಸ್ ಚಿಕಿತ್ಸಾ ಕೇಂದ್ರ ಎಲ್ಲೈತ್ರಿ?" ಎಂದು ಹೆಸರು ಹಿಡಿದು ಕೇಳಬೇಕು. ಸುಮ್ನೆ ಕಾಮಣಿ ಎಂದರೆ ಬೇರೆ ಸಾಲಿನಲ್ಲಿ ನಿಲ್ಲಿಸಿಬಿಡಬಹುದು. ಹಳ್ಳಿಯಲ್ಲಿ ಆಶಾ ಅಕ್ಕನನ್ನು ಕೇಳಿದರೂ ದಾರಿ ಸಿಗುತ್ತದೆ. ಆರೋಗ್ಯ ಸಹಾಯವಾಣಿ 104ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಗುಳಿಗೆಯಷ್ಟೇ ಮುಖ್ಯವಾದದ್ದು ಮನೆಯವರ ನಡವಳಿಕೆ. ರಿಪೋರ್ಟ್ ಬಂದ ದಿನದಿಂದ ತಾಟು ಬೇರೆ, ಲೋಟ ಬೇರೆ, ಹಾಸಿಗೆ ಬೇರೆ ಮಾಡುವ ಮನೆಗಳಿವೆ. ಸೊಸೆಯನ್ನು ತವರಿಗೆ ಕಳಿಸುವುದೂ ಉಂಟು. ಇದಕ್ಕಿಂತ ಅನ್ಯಾಯ ಬೇರೆ ಇಲ್ಲ. ಬಿ ಆಗಲಿ ಸಿ ಆಗಲಿ ಒಂದೇ ತಾಟಿನಲ್ಲಿ ಉಂಡರೆ, ತಬ್ಬಿಕೊಂಡರೆ, ಕೆಮ್ಮಿದರೆ ಬರುವುದಿಲ್ಲ. ಅವರು ಮಾಡಿದ ರೊಟ್ಟಿ ಎಲ್ಲರೂ ತಿನ್ನಬಹುದು. ಬೇರೆ ಇಡಬೇಕಾದದ್ದು ಬ್ಲೇಡು, ಟೂತ್‌ಬ್ರಷ್, ನೇಲ್ ಕಟರ್. ಬಿ ಇದ್ದರೆ ಗಂಡ ಅಥವಾ ಹೆಂಡತಿ, ಮಕ್ಕಳು, ತಾಯಿ, ಒಡಹುಟ್ಟಿದವರೆಲ್ಲ ಪರೀಕ್ಷೆ ಮಾಡಿಸಿಕೊಂಡು, ಸೋಂಕಿಲ್ಲದವರು ಲಸಿಕೆ ಹಾಕಿಸಿಕೊಂಡರೆ ಆಯಿತು.

ಬಿ ಇರುವ ಎಲ್ಲರಿಗೂ ಗುಳಿಗೆ ಬೇಕಾಗುವುದಿಲ್ಲ. ಸದ್ಯ ಬೇಡ ಎಂದು ಡಾಕ್ಟರು ಹೇಳಿದವರೂ ಆರಾರು ತಿಂಗಳಿಗೊಮ್ಮೆ ಲಿವರ್ ತೋರಿಸಿಕೊಳ್ಳಬೇಕು. ಗುಳಿಗೆ ಶುರುಮಾಡಿದವರು ಅದನ್ನು ತಮ್ಮಷ್ಟಕ್ಕೆ ತಾವೇ ನಿಲ್ಲಿಸಬಾರದು. ನಿಲ್ಲಿಸಿದರೆ ಅಡಗಿದ್ದ ವೈರಸ್ ಒಮ್ಮೆಲೇ ಎದ್ದು ಲಿವರ್ ಕೈಕೊಡಬಹುದು. "ಗುಳಿಗಿ ಬಿಡ್ರಿ, ನಮ್ಮ ಔಷಧ ಸಾಕು" ಎಂದು ಯಾರೇ ಹೇಳಲಿ, ಮೊದಲು ಗುಳಿಗೆ ಬರೆದುಕೊಟ್ಟ ಡಾಕ್ಟರಿಗೆ ಒಂದು ಮಾತು ಕೇಳಿ.