ಕಲಿಯುವ ಮಗುವಿಗೆ ಕಲಿತ ಕುದುರೆ ಕೊಡಿ

ಬೆಂಗಳೂರಿನಲ್ಲಿ ರೇಸ್ ಸೀಸನ್ ಮುಗಿಯುತ್ತಾ ಬಂದಂತೆ ನನಗೆ ಒಂದೇ ಥರದ ಫೋನುಗಳು ಶುರುವಾಗುತ್ತವೆ. “ಸರ್, ಮಗಳಿಗೆ ಕುದುರೆ ತಗೊಂಡ್ವಿ. ಥರೋಬ್ರೆಡ್. ನಾಲ್ಕೇ ವರ್ಷ. ಇಬ್ಬರೂ ಒಟ್ಟಿಗೆ ಕಲೀತಾರೆ, ಒಟ್ಟಿಗೆ ಬೆಳೀತಾರೆ. ನೀವು ಡ್ರೆಸ್ಸಾಜ್ ಹೇಳಿಕೊಟ್ಟರೆ ಸಾಕು.” ಥರೋಬ್ರೆಡ್ ಅಂದರೆ ರೇಸಿಗೆಂದೇ ಬೆಳೆಸಿದ ತಳಿ. ಡ್ರೆಸ್ಸಾಜ್ ಅಂದರೆ ಸವಾರರ ಸಣ್ಣ ಸಣ್ಣ ಸೂಚನೆಗೆ ಕುದುರೆ ನಿಖರವಾಗಿ ಹೆಜ್ಜೆ ಹಾಕುವ, ಅದಕ್ಕೆ ಅಂಕ ಕೊಡುವ ಸವಾರಿ. ಮಗಳಿಗೆ ಹನ್ನೊಂದೋ ಹನ್ನೆರಡೋ ವರ್ಷ. ವಾರಕ್ಕೆರಡು ದಿನ ರೈಡಿಂಗ್ ಸ್ಕೂಲಿಗೆ ಹೋಗಿ, ಟ್ರಾಟ್ ಅನ್ನುವ ಮಧ್ಯಮ ಓಟದಲ್ಲಿ ಲಯಕ್ಕೆ ಸರಿಯಾಗಿ ಎದ್ದು ಕೂರುವುದು ಈಗಷ್ಟೇ ಬಂದಿರುತ್ತದೆ. ಕುದುರೆ ಮೊನ್ನೆ ಮೊನ್ನೆಯವರೆಗೆ ರೇಸ್‌ನಲ್ಲಿ ಓಡುತ್ತಿತ್ತು.

ಈ ‘ಒಟ್ಟಿಗೆ ಕಲೀತಾರೆ’ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅದರ ಹಿಂದೆ ಇರುವುದು ಪ್ರೀತಿ, ಅದು ಗೊತ್ತು. ಮಗುವಿಗೂ ಕುದುರೆಗೂ ನಂಟು ಬೆಳೆಯಲಿ ಅನ್ನುವ ಆಸೆ. ಆದರೆ ಇಬ್ಬರಿಗೂ ಗೊತ್ತಿಲ್ಲದ ಪಾಠವನ್ನು ಇಬ್ಬರಲ್ಲಿ ಯಾರು ಯಾರಿಗೆ ಕಲಿಸಬೇಕು?

“ನೀವಿದ್ದೀರಲ್ಲ” ಅನ್ನುತ್ತಾರೆ. ಇದ್ದೇನೆ. ಅರೀನಾದ ನಡುವೆ ನಿಂತು ಹಿಮ್ಮಡಿ ಕೆಳಗೆ ಒತ್ತು, ಮುಂದೆ ನೋಡು, ಕೈ ಅಲುಗಿಸಬೇಡ ಅಂತ ಕೂಗಬಲ್ಲೆ. ಆದರೆ ಡ್ರೆಸ್ಸಾಜ್‌ನಲ್ಲಿ ಕಲಿಯಬೇಕಾದ್ದರಲ್ಲಿ ಬಹುಪಾಲು ಸವಾರರ ಸೊಂಟಕ್ಕೆ, ತೊಡೆಗೆ, ಲಗಾಮು ಹಿಡಿದ ಉಂಗುರ ಬೆರಳಿಗೆ ಗೊತ್ತಾಗಬೇಕಾದದ್ದು. ಅದನ್ನು ಕೂಗಿ ಹೇಳಲು ಬರುವುದಿಲ್ಲ. ಆ ಪಾಠ ಕುದುರೆಯಿಂದಲೇ ಬರಬೇಕು, ಅದೂ ಈಗಾಗಲೇ ಕಲಿತ ಕುದುರೆಯಿಂದ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಕ್ಯಾಂಟರ್‌ನಲ್ಲಿ, ಅಂದರೆ ಟ್ರಾಟ್‌ಗಿಂತ ಜೋರಾದ ಓಟದಲ್ಲಿ, ಕುದುರೆಯ ಒಂದು ಕಡೆಯ ಕಾಲುಗಳು ಮುಂದಾಗಿ ಬೀಳುತ್ತವೆ. ಎಡಕ್ಕೆ ತಿರುಗುವಾಗ ಎಡಗಾಲು, ಬಲಕ್ಕೆ ಬಲಗಾಲು. ಓಟ ನಿಲ್ಲಿಸದೆ ಆ ಕಾಲು ಬದಲಿಸುವುದಕ್ಕೆ ಫ್ಲೈಯಿಂಗ್ ಚೇಂಜ್ ಅನ್ನುತ್ತೇವೆ. ಪ್ರತಿ ಹೆಜ್ಜೆಯ ಕೊನೆಗೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಚೂರು ಹೊತ್ತು ಇರುತ್ತದಲ್ಲ, ಬದಲಾವಣೆ ಆಗುವುದು ಅಲ್ಲೇ. ಸವಾರರು ಕಾಲಿನ ಸೂಚನೆಯನ್ನು ಅದಕ್ಕಿಂತ ಒಂದಿಷ್ಟು ಮೊದಲು ಕೊಡಬೇಕು. ತಡವಾದರೆ ಮುಂಗಾಲು ಬದಲಾಗುತ್ತದೆ, ಹಿಂಗಾಲು ಒಂದು ಹೆಜ್ಜೆ ಬಿಟ್ಟು ಬರುತ್ತದೆ. ಪರೀಕ್ಷೆಯಲ್ಲಿ ಅಲ್ಲೇ ಅಂಕ ಹೋಯಿತು.

ಈಗ ಹನ್ನೆರಡು ವರ್ಷದ ಹುಡುಗಿಯನ್ನು ಕಲಿತ ಕುದುರೆಯ ಮೇಲೆ ಕೂರಿಸಿ. ಅವಳು ಸೂಚನೆ ಕೊಡುತ್ತಾಳೆ, ಕುದುರೆ ಬದಲಿಸುವುದಿಲ್ಲ. ಮತ್ತೆ ಕೊಡುತ್ತಾಳೆ, ಹಿಂಗಾಲು ತಡ. ಮತ್ತೊಂದು ಸಲ, ಈ ಬಾರಿ ಸರಿಯಾದ ಹೊತ್ತಿಗೆ. ಕುದುರೆ ಅವಳ ಅಡಿಯಲ್ಲಿ ಹಗುರವಾಗಿ ಎದ್ದು ಕಾಲು ಬದಲಿಸಿಬಿಡುತ್ತದೆ. ಆ ಕ್ಷಣ ಅವಳ ಸೊಂಟಕ್ಕೆ ತಿಳಿದದ್ದು ಜನ್ಮದಲ್ಲಿ ಮರೆಯುವುದಿಲ್ಲ. ಕುದುರೆ ಪ್ರತಿ ಸಲವೂ ನಿಜವನ್ನೇ ಹೇಳಿತು: ಇದು ತಪ್ಪು, ಇದು ತಡ, ಇದು ಸರಿ.

ಅದೇ ಹುಡುಗಿಯನ್ನು ಎಳೆಯ ಕುದುರೆಯ ಮೇಲೆ ಕೂರಿಸಿದರೆ? ಅವಳ ಸೂಚನೆ ಸರಿಯಾಗಿದ್ದರೂ ಕುದುರೆಗೆ ಅರ್ಥವಾಗುವುದಿಲ್ಲ. ತಪ್ಪಾಗಿದ್ದರೂ ಅರ್ಥವಾಗುವುದಿಲ್ಲ. ಕೆಲವೊಮ್ಮೆ ಗಾಬರಿಯಿಂದ ಕಾಲು ಬದಲಿಸುತ್ತದೆ, ಆಗ ಹುಡುಗಿ ತನ್ನ ತಪ್ಪನ್ನೇ ಸರಿ ಅಂದುಕೊಳ್ಳುತ್ತಾಳೆ. ಶ್ರುತಿ ಸೇರದ ವೀಣೆಯ ಮೇಲೆ ಸರಳೆ ವರಸೆ ಅಭ್ಯಾಸ ಮಾಡಿದ ಮಗುವಿನ ಕಿವಿ ಏನಾಗುತ್ತದೋ ಇವಳ ದೇಹವೂ ಹಾಗೇ ಆಗುತ್ತದೆ. ಆಮೇಲೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಎಷ್ಟೋ ಕಷ್ಟ.

ರೇಸ್ ಬಿಟ್ಟ ಕುದುರೆಯ ವಿಷಯ ಇನ್ನೂ ಸೂಕ್ಷ್ಮ. ಆ ಕುದುರೆ ಏನೂ ಕಲಿತಿಲ್ಲ ಅಂತಲ್ಲ. ಬೇರೆಯದನ್ನು ಚೆನ್ನಾಗಿ ಕಲಿತಿದೆ. ರೇಸ್ ಕುದುರೆಗೆ ಲಗಾಮು ಬಿಗಿಯಾದರೆ ಕಡಿವಾಣಕ್ಕೆ ಒರಗಿ ಓಡುವುದು ಅಭ್ಯಾಸ. ಹೆದರಿದ ಮಗು ಮೊದಲು ಮಾಡುವುದೇ ಲಗಾಮು ಜಗ್ಗುವುದು. ಮಗು ‘ನಿಲ್ಲು’ ಅನ್ನುತ್ತಿದೆ, ಕುದುರೆಗೆ ‘ಹೋಗು’ ಅಂತ ಕೇಳಿಸುತ್ತಿದೆ. ಜಾಕಿ ಮಂಡಿ ಮಡಚಿ ಮೇಲೆ ಕೂರುತ್ತಾರೆ, ಅವರ ಕಾಲು ಕುದುರೆಯ ಹೊಟ್ಟೆಗೆ ತಾಗುವುದೇ ಕಡಿಮೆ. ಡ್ರೆಸ್ಸಾಜ್‌ನಲ್ಲಿ ಕಾಲು ಉದ್ದಕ್ಕೆ ಇಳಿಬಿದ್ದು ಸದಾ ಪಕ್ಕೆಗೆ ತಾಗಿಕೊಂಡಿರಬೇಕು. ಹೊಸ ಕಾಲು ಪಕ್ಕೆಗೆ ತಾಗಿದರೆ ಆ ಬಡಪಾಯಿ ಪ್ರಾಣಿ ಮುಂದಕ್ಕೆ ಚಿಮ್ಮದೆ ಇನ್ನೇನು ಮಾಡೀತು? ಇಬ್ಬರದೂ ತಪ್ಪಿಲ್ಲ. ಇಬ್ಬರನ್ನೂ ಜೋಡಿ ಮಾಡಿದವರದು.

ಅಪವಾದಗಳೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸ್ವಭಾವದಲ್ಲೇ ಶಾಂತವಾದ ಥರೋಬ್ರೆಡ್‌ಗಳಿವೆ. ಅನುಭವಿ ಸವಾರರೊಬ್ಬರು ಒಂದೆರಡು ವರ್ಷ ಕೂತು ಮೊದಲಿಂದ ಹೇಳಿಕೊಟ್ಟರೆ ಅವು ಒಳ್ಳೆಯ ಡ್ರೆಸ್ಸಾಜ್ ಕುದುರೆಗಳಾಗುತ್ತವೆ. ನಮ್ಮ ದೇಶದ ಸ್ಪರ್ಧೆಗಳಲ್ಲಿ ಅಂಥವು ಬೇಕಾದಷ್ಟಿವೆ. ಪ್ರತಿ ಕುದುರೆಯನ್ನೂ ನೋಡಿಯೇ ಹೇಳಬೇಕು, ಫೋನಿನಲ್ಲಿ ತೀರ್ಪು ಕೊಡುವುದು ಸರಿಯಲ್ಲ. ಆದರೆ ಆ ಒಂದೆರಡು ವರ್ಷದ ಕೆಲಸ ನಿಮ್ಮ ಮಗುವಿನದಲ್ಲ.

ಇದು ನನ್ನ ಹೊಸ ಮಾತೂ ಅಲ್ಲ. ಗ್ರೀಸಿನ ಜೆನೊಫೋನ್ ಸುಮಾರು 2,400 ವರ್ಷಗಳ ಹಿಂದೆಯೇ ಬರೆದಿದ್ದಾನೆ: ಎಳೆಯ ಕುದುರೆಯನ್ನು ಪಳಗಿಸುವುದು ಯುವಕನ ಕೆಲಸವಲ್ಲ, ಹುಡುಗನನ್ನು ಕಸುಬು ಕಲಿಯಲು ಬಿಡುವಂತೆ ಅದನ್ನು ಬಲ್ಲವರ ಹತ್ತಿರ ಬಿಡಬೇಕು, ಏನೇನು ಕಲಿಸಬೇಕು ಅಂತ ಬರೆದು ಒಪ್ಪಂದ ಮಾಡಿಕೊಳ್ಳಬೇಕು ಅಂತ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಇವತ್ತಿಗೂ ಹೊಸಬರು ಮೊದಲ ತಿಂಗಳುಗಳನ್ನೆಲ್ಲ ಲಂಜ್ ಹಗ್ಗದ (ಗುರು ನಡುವೆ ನಿಂತು ಕುದುರೆಯನ್ನು ಸುತ್ತು ಓಡಿಸುವ ಉದ್ದ ಹಗ್ಗ) ತುದಿಯಲ್ಲೇ ಕಳೆಯುತ್ತಾರೆ. ಲಗಾಮು ಇಲ್ಲ, ರಿಕಾಪು ಇಲ್ಲ, ಸುತ್ತು ಹಾಕುತ್ತಾ ಕೂರುವುದನ್ನು ಕಲಿಯುವುದಷ್ಟೇ. ಅವರನ್ನು ಕೂರಿಸುವುದು ವರ್ಷಗಟ್ಟಲೆ ಅನುಭವವಿರುವ ಬಿಳಿ ಲಿಪಿಜಾನರ್ ಗಂಡು ಕುದುರೆಗಳ ಮೇಲೆ. ಎಳೆಯ ಕುದುರೆಗೆ ಕಲಿಸುವ ಹೊಣೆ ಸಿಗುವುದು ಎಷ್ಟೋ ವರ್ಷಗಳಾದ ಮೇಲೆ. ನಮ್ಮಲ್ಲಿ ನಾಲ್ಕನೇ ರೈಡಿಂಗ್ ಪಾಠಕ್ಕೇ ಲಂಜ್ ಹಗ್ಗ ಬಿಚ್ಚಲಿಲ್ಲ ಅಂದರೆ ಅಪ್ಪ ಅಮ್ಮನ ಮುಖ ಸಣ್ಣದಾಗುತ್ತದೆ.

ನಾನು ಕಲಿಸಿದ ಒಬ್ಬ ಹುಡುಗಿಯ ವಿಷಯ ಹೇಳಬೇಕು. ಅವಳಿಗೂ ರೇಸ್ ಬಿಟ್ಟ ಎಳೆಯ ಕುದುರೆ ಕೊಡಿಸಿದ್ದರು, ಬೇರೊಂದು ಕಡೆ ಕಲಿಯುತ್ತಿದ್ದಾಗ. ಮೂಲೆ ತಿರುಗುವಾಗ ಅದು ಹಕ್ಕಿಗೆ ಬೆದರಿ ಓಡಿತು, ಇವಳು ಜಗ್ಗಿದಳು, ಅದು ಇನ್ನೂ ಜೋರಾಯಿತು. ಮೂಳೆ ಮುರಿಯಲಿಲ್ಲ, ಪುಣ್ಯ. ಆದರೆ ಶನಿವಾರ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಪ್ರತಿ ಶನಿವಾರವೂ. ಅಮ್ಮನಿಗೆ ಅರ್ಥವಾಯಿತು, ಅಪ್ಪ ಮಾತ್ರ “ಧೈರ್ಯ ಬರಬೇಕಲ್ವಾ” ಅನ್ನುತ್ತಿದ್ದರು.

ನಮ್ಮ ಲಾಯದಲ್ಲಿ ಆಗ ಹದಿನೆಂಟು ದಾಟಿದ ಕುದುರೆಯೊಂದಿತ್ತು, ಬಹಾದೂರ್ ಅಂತ. ಬೆನ್ನು ಸ್ವಲ್ಪ ಬಗ್ಗಿತ್ತು, ಕಣ್ಣಿನ ಮೇಲೆ ನರೆಗೂದಲು, ಬೆಳಿಗ್ಗೆ ಹತ್ತು ನಿಮಿಷ ನಡೆಸದಿದ್ದರೆ ಹಿಂಗಾಲು ಬಿಗಿ. ಆದರೆ ಅದಕ್ಕೆ ಡ್ರೆಸ್ಸಾಜ್ ಗೊತ್ತಿತ್ತು. ಆ ಹುಡುಗಿ ಎಡಕ್ಕೆ ಒಂದು ಚೂರು ವಾಲಿ ಕೂತರೆ ಅದೂ ನೇರ ಗೆರೆ ಬಿಟ್ಟು ಎಡಕ್ಕೇ ಸರಿಯುತ್ತಿತ್ತು. ಕೈ ಗಟ್ಟಿಯಾದರೆ ನಿಂತೇ ಬಿಡುತ್ತಿತ್ತು. ಕೈ ಮೆದುವಾದ ತಕ್ಷಣ ಕತ್ತು ಇಳಿಸಿ, ಬಾಯಿ ಮೆಲ್ಲಗೆ ಆಡಿಸುತ್ತಾ ಹೊರಡುತ್ತಿತ್ತು. ನಾನು ಬಾಯಿ ಬಿಡುವ ಅಗತ್ಯವೇ ಕಡಿಮೆ. ಮೊದಲ ವಾರ ಅವಳು ಅದರ ಕೇಸರ ಹಿಡಿದುಕೊಂಡೇ ಟ್ರಾಟ್ ಮಾಡಿದಳು. ಒಂದು ದಿನ ನೋಡಿದರೆ ಕಣ್ಣು ಮುಚ್ಚಿಕೊಂಡು, ಯಾವ ಹಿಂಗಾಲು ನೆಲಕ್ಕೆ ಬೀಳುತ್ತಿದೆ ಅಂತ ಬಾಯಲ್ಲಿ ಹೇಳುತ್ತಾ ಸುತ್ತು ಹಾಕುತ್ತಿದ್ದಾಳೆ. ಎಡ, ಬಲ, ಎಡ, ಬಲ. ಒಂದೂ ತಪ್ಪಿಲ್ಲ. ಅಪ್ಪ ಕಟಕಟೆಯ ಹತ್ತಿರ ನಿಂತು “ಈ ಮುದುಕನ ಮೇಲೆ ಇನ್ನೆಷ್ಟು ದಿನ?” ಅಂತ ಕೇಳಿದರು. “ಅವನು ಹೇಳಿಕೊಡುವುದು ಮುಗಿಯುವವರೆಗೆ” ಅಂದೆ. ಆಮೇಲೆ ಅವಳು ಜೂನಿಯರ್ ನ್ಯಾಷನಲ್ಸ್‌ನಲ್ಲಿ ಸ್ಪರ್ಧಿಸಿದ್ದು ಕೂಡ ಇನ್ನೊಬ್ಬರ ಕುದುರೆಯ ಮೇಲೆಯೇ. ಅದಕ್ಕೂ ಅವಳಿಗಿಂತ ಜಾಸ್ತಿ ಗೊತ್ತಿತ್ತು.

ಮೇಲಿನ ಮಟ್ಟದಲ್ಲಿ ಹೇಗೆ ಅಂತ ನೋಡಿ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನ ಇವೆಂಟಿಂಗ್‌ನಲ್ಲಿ ಎರಡು ಬೆಳ್ಳಿ ಗೆದ್ದದ್ದು, ಟೋಕಿಯೋ ಒಲಿಂಪಿಕ್ಸ್‌ಗೆ ಹೋದದ್ದು ಸೆನ್ಯೂರ್ ಮೆಡಿಕಾಟ್ ಅನ್ನುವ ಕುದುರೆಯ ಮೇಲೆ. ಇವೆಂಟಿಂಗ್ ಅಂದರೆ ಮೂರು ಹಂತಗಳ ಕುದುರೆ ಸವಾರಿ ಸ್ಪರ್ಧೆ, ಅದರ ಮೊದಲ ಹಂತ ಡ್ರೆಸ್ಸಾಜ್. ಟೋಕಿಯೋದಲ್ಲಿ ಆ ಹಂತ ಮುಗಿದಾಗ ಅವರು 9ನೇ ಸ್ಥಾನದಲ್ಲಿದ್ದರು, ಕೊನೆಗೆ 23ನೆಯವರಾದರು. ಆ ಕುದುರೆಯನ್ನು ಅವರಿಗಿಂತ ಮೊದಲು ಜರ್ಮನಿಯ ಬೆಟ್ಟಿನಾ ಹೋಯ್ ದೊಡ್ಡ ದೊಡ್ಡ ಸ್ಪರ್ಧೆಗಳಲ್ಲಿ ಸವಾರಿ ಮಾಡಿದ್ದರು. ಒಲಿಂಪಿಕ್ಸ್ ಮಟ್ಟದ ಸವಾರರೇ ಕಲಿತ ಕುದುರೆಯನ್ನು ಆರಿಸಿಕೊಳ್ಳುತ್ತಾರೆ, ನಾವು ಏಳನೇ ಕ್ಲಾಸಿನ ಮಗುವಿಗೆ ಕಲಿಯದ ಕುದುರೆ ಕೊಡುತ್ತೇವೆ.

ಡ್ರೆಸ್ಸಾಜ್‌ನದೇ ಉದಾಹರಣೆ ಬೇಕಾದರೆ ಕೋಲ್ಕತ್ತಾದ ಅನುಷ್ ಅಗರ್ವಾಲಾ ಇದ್ದಾರೆ. ಚಿಕ್ಕಂದಿನಲ್ಲಿ ಊರಲ್ಲೇ ಶುರು. ಹದಿಹರೆಯದಲ್ಲೇ ಜರ್ಮನಿಗೆ ಹೋಗಿ ಹ್ಯೂಬರ್ಟಸ್ ಶ್ಮಿಟ್ ಅವರ ಲಾಯ ಸೇರಿದರು. ಶ್ಮಿಟ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ತಂಡದ ಚಿನ್ನ ಗೆದ್ದವರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅನುಷ್, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್, ಸುದೀಪ್ತಿ ಹಜೇಲಾ ಸೇರಿ ಡ್ರೆಸ್ಸಾಜ್ ತಂಡದ ಚಿನ್ನ ತಂದರು. 1982ರ ದೆಹಲಿ ಗೇಮ್ಸ್ ಆದಮೇಲೆ ಕುದುರೆ ಸವಾರಿಯಲ್ಲಿ ನಮಗೆ ಬಂದ ಮೊದಲ ಚಿನ್ನ ಅದು. ಎಟ್ರೋ ಅನ್ನುವ ಕುದುರೆಯ ಮೇಲೆ ಅನುಷ್‌ಗೆ ವೈಯಕ್ತಿಕ ಕಂಚು ಕೂಡ ಬಂತು. 2024ರಲ್ಲಿ ಸರ್ ಕ್ಯಾರಮೆಲ್ಲೋ ಮೇಲೆ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದರು. ಒಲಿಂಪಿಕ್ಸ್ ಡ್ರೆಸ್ಸಾಜ್‌ನಲ್ಲಿ ಸ್ಪರ್ಧಿಸಿದ ಮೊದಲ ಭಾರತೀಯ ಅವರು. ಇವರೆಲ್ಲ ವರ್ಷಗಟ್ಟಲೆ ಯುರೋಪಿನಲ್ಲೇ ಇದ್ದು ಅಭ್ಯಾಸ ಮಾಡಿದ್ದು ಸುಮ್ನೆ ಅಲ್ಲ. ಡ್ರೆಸ್ಸಾಜ್‌ನ ಅತಿ ಮೇಲಿನ ಹಂತವಾದ ಗ್ರಾಂಡ್ ಪ್ರಿ ಮಟ್ಟದ ಕುದುರೆಗಳೂ ಅವನ್ನು ತಯಾರು ಮಾಡುವವರೂ ಇರುವುದು ಅಲ್ಲಿ. ಇಲ್ಲಿಂದ ಕುದುರೆಯನ್ನು ಅಲ್ಲಿಗೆ ಕರೆದೊಯ್ಯುವುದಕ್ಕೆ ರೋಗದ ನಿರ್ಬಂಧಗಳು, ಕ್ವಾರಂಟೈನ್ ನಿಯಮಗಳು ಬಹಳ ಕಾಲ ಅಡ್ಡ ನಿಂತಿದ್ದವು.

ಲೆಕ್ಕ ಹಾಕಿದರೂ ಇದೇ ಉತ್ತರ. ಕುದುರೆಯ ಬೆನ್ನೆಲುಬು ಪೂರ್ತಿ ಬಲಿಯಲು ಐದಾರು ವರ್ಷ ಬೇಕು. ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟದ ನಿಯಮದಲ್ಲೂ ಗ್ರಾಂಡ್ ಪ್ರಿಗೆ ಇಳಿಯಲು ಕುದುರೆಗೆ ಕನಿಷ್ಠ 8 ವರ್ಷ ಆಗಿರಬೇಕು. ಬಲ್ಲವರು ದಿನವೂ ಕೂತರೂ ಪಿಯಾಫ್ (ನಿಂತಲ್ಲೇ ಟ್ರಾಟ್), ಪಸಾಜ್ (ಕಾಲೆತ್ತಿ ಹಾಕುವ ನಿಧಾನ ಟ್ರಾಟ್), ಹೆಜ್ಜೆಗೊಂದು ಫ್ಲೈಯಿಂಗ್ ಚೇಂಜ್ ಇವನ್ನೆಲ್ಲ ಕಲಿಸುವುದಕ್ಕೆ ನಾಲ್ಕನೇ ವಯಸ್ಸಿನಿಂದ ಹಿಡಿದು ಆರೇಳು ವರ್ಷ ಹಿಡಿಯುತ್ತದೆ. ಬಾರದವರು ಕೂತರೆ ಎಷ್ಟು ಹಿಡಿದೀತು? ನಿಮ್ಮ ಮಗಳಿಗೆ ಇರುವುದು ಜೂನಿಯರ್ ಆಗಿ ಕೆಲವೇ ವರ್ಷ, ಹದಿನಾಲ್ಕರಿಂದ ಹದಿನೆಂಟು. ಆ ವರ್ಷಗಳನ್ನು ಕುದುರೆಯನ್ನು ನೇರ ಗೆರೆಯಲ್ಲಿ ನಡೆಸುವುದಕ್ಕೇ ಕಳೆಯಬೇಕಾ?

ಮುಂದೆ ಇದನ್ನೇ ವೃತ್ತಿ ಮಾಡಿಕೊಳ್ಳುವ ಆಸೆ ಇರುವ ಮಕ್ಕಳಿಗೆ ಒಂದು ಮಾತು. ಬಹುಮಾನದ ಹಣದಿಂದ ಬದುಕುವ ಡ್ರೆಸ್ಸಾಜ್ ಸವಾರರು ತೀರಾ ಕಡಿಮೆ. ವೃತ್ತಿಪರರ ದಿನನಿತ್ಯದ ಕೆಲಸ ಬೇರೆಯವರ ಕುದುರೆಗಳನ್ನು ತಯಾರು ಮಾಡುವುದು. ಜರ್ಮನಿಯಲ್ಲಿ ಇದಕ್ಕೆ ಮೂರು ವರ್ಷದ ಅಧಿಕೃತ ತರಬೇತಿಯೇ ಇದೆ. ಲದ್ದಿ ಎತ್ತುವುದು, ಮೇವು ಹಾಕುವುದು, ಗೊರಸು ನೋಡುವುದು ಎಲ್ಲ ಅದರೊಳಗೇ ಬರುತ್ತದೆ. ಎಳೆಯ ಕುದುರೆಯ ಮೇಲೆ ಕೂರುವುದು ಆ ದಾರಿಯಲ್ಲಿ ಖಂಡಿತ ಬರುತ್ತದೆ. ಆದರೆ ಸರಿಯಾದ ಕ್ಯಾಂಟರ್ ಹೇಗಿರುತ್ತದೆ ಅಂತ ಮೈಗೆ ಗೊತ್ತಾದ ಮೇಲೆ ಬರುತ್ತದೆ.

ಹಾಗಾದರೆ ಏನು ಕೊಳ್ಳಬೇಕು? ಮೊದಲನೆಯದಾಗಿ, ಬೇಗ ಏನೂ ಕೊಳ್ಳಬೇಡಿ. ರೈಡಿಂಗ್ ಸ್ಕೂಲಿನ ಕುದುರೆಗಳ ಮೇಲೆ ಇನ್ನೆರಡು ವರ್ಷ ಕಲಿಯಲಿ, ಬೇರೆ ಬೇರೆ ಕುದುರೆ ಹತ್ತಲಿ. ಲೀಸ್ ಸಿಕ್ಕರೆ ಇನ್ನೂ ಒಳ್ಳೆಯದು. ಡಾಕ್ಟರ್ ಖರ್ಚು, ಲಾಳದ ಖರ್ಚು ಯಾರದು ಅಂತ ಮೊದಲೇ ಬರೆದುಕೊಳ್ಳಿ. ಕೊಳ್ಳಲೇಬೇಕು ಅಂದರೆ ಹನ್ನೆರಡರಿಂದ ಹದಿನಾರರ ನಡುವಿನದು ನೋಡಿ, ಮಗು ಮುಂದಿನ ಎರಡು ವರ್ಷದಲ್ಲಿ ಆಡಬೇಕಾದ ಪರೀಕ್ಷೆಗಳನ್ನು ಈಗಾಗಲೇ ಆಡಿ ಬಂದದ್ದು. ಮೊದಲು ಮಾರುವವರೇ ಹತ್ತಿ ತೋರಿಸಲಿ, ಆಮೇಲೆ ನಿಮ್ಮ ತರಬೇತುದಾರರು, ಕೊನೆಗೆ ಮಗು. ಅದನ್ನು ನೋಡಿಕೊಳ್ಳುವ ಸೈಸ್ ಹತ್ತಿರ ಬಿಡುವಾಗಿ ಹತ್ತು ನಿಮಿಷ ಮಾತಾಡಿ. ಕುದುರೆಯ ಬಗ್ಗೆ ಅವರಷ್ಟು ತಿಳಿದವರು ಬೇರೆ ಯಾರೂ ಇಲ್ಲ, ಕೇಳುವವರೇ ಇಲ್ಲ ಅಷ್ಟೆ.

ಪಶುವೈದ್ಯರಿಂದ ಪರೀಕ್ಷೆ ಮಾಡಿಸದೆ ದುಡ್ಡು ಕೊಡಬೇಡಿ. ಆದರೆ ವರದಿ ಬಂದಾಗ ಗಾಬರಿ ಬೇಡ. ಹದಿನೈದು ವರ್ಷದ ಕುದುರೆಯ ಎಕ್ಸ್‌ರೇಯಲ್ಲಿ ಕೀಲು ಸವೆದದ್ದು ಒಂದಿಷ್ಟು ಕಾಣುವುದು ಸಹಜ. “ನಮ್ಮ ಮಗುವಿನ ಮಟ್ಟದ ಕೆಲಸಕ್ಕೆ ಇದು ಇನ್ನು ಕೆಲವು ವರ್ಷ ನೋವಿಲ್ಲದೆ ಬರುತ್ತದಾ?” ಅಂತ ಕೇಳಿ. ಉತ್ತರ ಕುದುರೆಯಿಂದ ಕುದುರೆಗೆ ಬೇರೆ, ಅದನ್ನು ವೈದ್ಯರೇ ಹೇಳಬೇಕು. ಜೊತೆಗೆ ಇನ್ನೊಂದು ತೀರ್ಮಾನವನ್ನೂ ಕೊಳ್ಳುವ ಮೊದಲೇ ಮಾಡಿ. ಕುದುರೆ ಇಪ್ಪತ್ತೈದು ಮೂವತ್ತು ವರ್ಷ ಬದುಕುವ ಪ್ರಾಣಿ. ಸವಾರಿ ನಿಂತ ಮೇಲೆ ಅದು ಎಲ್ಲಿರುತ್ತದೆ, ಮೇವಿಗೆ ಯಾರು ದುಡ್ಡು ಕೊಡುತ್ತಾರೆ, ಅದನ್ನು ಗಂಡ ಹೆಂಡತಿ ಕೂತು ಮಾತಾಡಿಕೊಂಡು ಬನ್ನಿ. ಆಮೇಲೆ ಕುದುರೆ ನೋಡಲು ಹೋಗೋಣ.